ಕಾಶಹುಲ್ಲಿನ ಬಯಲು

ಸತ್ಯಜಿತ್ ರಾಯ್ ಅವರು 1921ರ ಮೇ 2ರಂದು ಕಲ್ಕತ್ತೆಯಲ್ಲಿ ಜನಿಸಿದರು. ಬರವಣಿಗೆ, ಚಿತ್ರಕಲೆ, ಮುದ್ರಣ ಮೂರೂ ಒಟ್ಟಿಗೆ ನೆಲೆಸಿದ್ದ ಮನೆತನ ಅವರದು. ಅಜ್ಜ ಉಪೇಂದ್ರಕಿಶೋರರು ಮಕ್ಕಳಿಗಾಗಿ ಕತೆಗಳನ್ನು ಬರೆದು, ಅವುಗಳಿಗೆ ತಾವೇ ಚಿತ್ರಗಳನ್ನು ರಚಿಸುತ್ತಿದ್ದರು. ತಂದೆ ಸುಕುಮಾರ ರಾಯ್ ಬಂಗಾಳದ ಮಕ್ಕಳಿಗೆ ಅತ್ಯಂತ ಪ್ರಿಯವಾದ ಹಾಸ್ಯಪದ್ಯಗಳ ಕರ್ತೃ. ಮಗನಿಗೆ ಎರಡೂವರೆ ವರ್ಷ ತುಂಬುವ ಮೊದಲೇ ಅವರು ತೀರಿಕೊಂಡರು. ಬಾಲಕನನ್ನು ಸಾಕಿ ಬೆಳೆಸಿದವರು ತಾಯಿ ಸುಪ್ರಭಾದೇವಿ.

ಶಾಂತಿನಿಕೇತನದಲ್ಲಿ ನಂದಲಾಲ ಬಸು, ವಿನೋದಬಿಹಾರಿ ಮುಖರ್ಜಿಯವರಂತಹ ಗುರುಗಳ ಬಳಿ ಚಿತ್ರಕಲೆಯನ್ನು ಕಲಿತ ಸತ್ಯಜಿತರು 1943ರಲ್ಲಿ ಕಲ್ಕತ್ತೆಯ ಜಾಹೀರಾತು ಸಂಸ್ಥೆಯೊಂದನ್ನು ಸೇರಿದರು. ಇದೇ ಕಾಲದಲ್ಲಿ ವಿಭೂತಿಭೂಷಣ ಬಂದ್ಯೋಪಾಧ್ಯಾಯರ 'ಪಥೇರ್ ಪಾಂಚಾಲಿ' ಕಾದಂಬರಿಯ ಸಂಗ್ರಹರೂಪಕ್ಕೆ ಚಿತ್ರಗಳನ್ನು ಬರೆಯುವ ಕೆಲಸ ಅವರ ಪಾಲಿಗೆ ಬಂದಿತು. ಬಡ ಪುರೋಹಿತನ ಮಕ್ಕಳಾದ ದುರ್ಗಾ ಮತ್ತು ಅಪು ಅವರ ಮನಸ್ಸನ್ನು ಹೊಕ್ಕು ಅಲ್ಲಿಯೇ ಉಳಿದರು. 1950ರಲ್ಲಿ ಕಚೇರಿಯ ಕೆಲಸಕ್ಕಾಗಿ ಲಂಡನ್ನಿಗೆ ಹೋದಾಗ ಅವರು 'ಬೈಸಿಕಲ್ ಥೀವ್ಸ್' ಎಂಬ ಇಟಲಿಯ ಚಿತ್ರವನ್ನು ನೋಡಿದರು. ಸ್ಟುಡಿಯೋವನ್ನು ಬಿಟ್ಟು ನಿಜವಾದ ಬೀದಿಗಳಲ್ಲಿ, ವೃತ್ತಿನಟರಲ್ಲದವರಿಂದ ಅಭಿನಯ ಮಾಡಿಸಿ ತೆಗೆದ ಚಿತ್ರ ಅದು. ತಾವೂ ಹೀಗೆಯೇ ಚಿತ್ರ ಮಾಡಬೇಕೆಂದು ಅವರು ನಿಶ್ಚಯಿಸಿದರು.

ಎಲ್ಲರಂತೆ ಅವರು ಪೂರ್ಣ ಚಿತ್ರಕತೆಯನ್ನು ಬರೆದಿಡಲಿಲ್ಲ. ಪುಸ್ತಕವೊಂದರಲ್ಲಿ ದೃಶ್ಯದ ಹಿಂದೆ ದೃಶ್ಯವನ್ನು ಶಾಯಿಯಿಂದ ಚಿತ್ರಿಸಿದರು. ಚಿತ್ರಗಳ ಬದಿಯಲ್ಲಿ ಚುಟುಕಾದ ಟಿಪ್ಪಣಿಗಳಿದ್ದವು. ನಿರ್ಮಾಪಕರು ಆ ಪುಟಗಳನ್ನು ತಿರುವಿದರೇ ಹೊರತು ಹಣ ಹೂಡಲು ಮುಂದೆ ಬರಲಿಲ್ಲ. ಕೊನೆಗೆ ಸತ್ಯಜಿತರು ತಮ್ಮ ವಿಮಾ ಪತ್ರದ ಮೇಲೆ ಸಾಲ ಪಡೆದು ಕೆಲಸಕ್ಕೆ ತೊಡಗಿದರು. ಛಾಯಾಗ್ರಾಹಕ ಸುಬ್ರತ ಮಿತ್ರ ಇಪ್ಪತ್ತೊಂದರ ತರುಣ. ಅದುವರೆಗೆ ಚಲನಚಿತ್ರದ ಕ್ಯಾಮರಾವನ್ನು ನಡೆಸಿದವರೇ ಅಲ್ಲ. ನಿರ್ದೇಶಕರಿಗೂ ಅದು ಮೊದಲ ಪಾಠವೇ.

1952ರ ಅಕ್ಟೋಬರ್ 27ರಂದು ಚಿತ್ರೀಕರಣ ಆರಂಭವಾಯಿತು. ಕಲ್ಕತ್ತೆಯಿಂದ ದೂರದಲ್ಲಿ, ರೈಲುಹಾದಿಯ ಪಕ್ಕದ ಬಯಲಿನ ತುಂಬ ಬಂಗಾಳಿಗಳು ಕಾಶ ಎಂದು ಕರೆಯುವ ಎತ್ತರದ ಹುಲ್ಲು ಬಿಳಿಯ ಹೂ ತಳೆದು ನಿಂತಿತ್ತು. ಕಣ್ಮರೆಯಾದ ಅಕ್ಕನನ್ನು ಅಪು ಆ ಹುಲ್ಲಿನ ನಡುವೆ ಹುಡುಕಬೇಕು. ಕ್ಯಾಮರಾವನ್ನು ಎಲ್ಲಿ ಇಡುವುದು? ದೂರದಲ್ಲಿಟ್ಟರೆ ಬಯಲು ವಿಶಾಲವಾಗಿ ಕಾಣುತ್ತದೆ, ಹುಡುಗನ ಮುಖ ಕಾಣುವುದಿಲ್ಲ. ಸಮೀಪಕ್ಕೆ ತಂದರೆ ಮುಖದ ಕಳವಳ ಕಾಣುತ್ತದೆ, ಬಯಲು ಮರೆಯಾಗುತ್ತದೆ. ಕಾಗದದ ಮೇಲೆ ಸುಲಭವಾಗಿ ತೀರ್ಮಾನವಾದದ್ದನ್ನು ಬಯಲಿನಲ್ಲಿ ಮತ್ತೆ ಯೋಚಿಸಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಹುಡುಗನ ನಡಿಗೆಯಲ್ಲಿತ್ತು. ನಡೆ ಎಂದರೆ ಅವನು ನೆಟ್ಟಗೆ ನಡೆದುಬಿಡುತ್ತಿದ್ದ. ಹುಡುಕುವವನ ಅನುಮಾನ, ತಡವರಿಕೆ ಅದರಲ್ಲಿ ಇರಲಿಲ್ಲ. ಸತ್ಯಜಿತರು ದಾರಿಯಲ್ಲಿ ಅಲ್ಲಲ್ಲಿ ಸಣ್ಣ ಕಡ್ಡಿಗಳನ್ನು ಇರಿಸಿ, ಅವುಗಳನ್ನು ದಾಟಿಕೊಂಡು ಬರಲು ಹೇಳಿದರು. ಹುಲ್ಲಿನ ಮರೆಯಲ್ಲಿ ಸಹಾಯಕರನ್ನು ಕೂರಿಸಿ, ಒಬ್ಬೊಬ್ಬರಾಗಿ ಅವನನ್ನು ಕೂಗುವಂತೆ ಮಾಡಿದರು. ದನಿ ಬಂದ ಕಡೆಗೆಲ್ಲ ಹುಡುಗ ತಲೆ ತಿರುಗಿಸಿದ. ಬೇಕಾಗಿದ್ದ ನೋಟ ದೊರೆಯಿತು. ಹಲವು ಪುಸ್ತಕಗಳಿಂದ ಕಲಿಯದಿದ್ದುದನ್ನು ಆ ಒಂದು ದಿನ ಕಲಿಸಿತೆಂದು ಅವರೇ ಮುಂದೆ ಬರೆದಿದ್ದಾರೆ.

ಉಳಿದ ಭಾಗವನ್ನು ತೆಗೆಯಲು ಮುಂದಿನ ವಾರ ಹೋದಾಗ ಬಯಲು ಬೋಳಾಗಿತ್ತು. ದನಗಳು ಕಾಶದ ಹೂವನ್ನೆಲ್ಲ ಮೇಯ್ದುಬಿಟ್ಟಿದ್ದವು! ಸಾಲದ ಹಣದಿಂದ ಕೆಲಸ ನಡೆಸುವವನಿಗೆ ಇದು ಸಣ್ಣ ಪೆಟ್ಟಲ್ಲ. ಬೇರೆಯವರಾಗಿದ್ದರೆ ದೃಶ್ಯವನ್ನೇ ಕೈಬಿಡುತ್ತಿದ್ದರೋ ಏನೋ. ಸತ್ಯಜಿತರು ಮುಂದಿನ ಋತುವಿನಲ್ಲಿ ಹುಲ್ಲು ಮತ್ತೆ ಹೂ ಬಿಡುವವರೆಗೆ ಕಾದರು. ಆ ನಡುವೆ ಹಣ ಮುಗಿಯಿತು. ಪತ್ನಿ ವಿಜಯಾ ಅವರ ಒಡವೆಗಳು ಗಿರವಿ ಅಂಗಡಿಯನ್ನು ಸೇರಿದವು. ಕಡೆಗೆ ಪಶ್ಚಿಮ ಬಂಗಾಳದ ಸರ್ಕಾರ ನೆರವಿಗೆ ಬಂದಿತು.

1955ರಲ್ಲಿ ಚಿತ್ರ ತೆರೆಕಂಡಿತು. ಮೊದಲು ಚಿತ್ರಿಸಿದ ದೃಶ್ಯ ಚಿತ್ರದ ಮೊದಲ ದೃಶ್ಯವಾಗಲಿಲ್ಲ. ಚಿತ್ರದ ಆರಂಭದಲ್ಲಿ ನಾವು ನೋಡುವುದು, ನೆರೆಮನೆಯವರ ತೋಟದಿಂದ ಹಣ್ಣನ್ನು ಕದ್ದು ಮುದುಕಿಯೊಬ್ಬಳಿಗಾಗಿ ತರುವ ಪುಟ್ಟ ದುರ್ಗೆಯನ್ನು. ಅಪು ಮತ್ತು ದುರ್ಗಾ ಬೆಳ್ಳನೆಯ ಹುಲ್ಲನ್ನು ಸೀಳಿಕೊಂಡು ರೈಲಿನ ಕಡೆಗೆ ಓಡುವುದು ಬಹಳ ಅನಂತರ. 1956ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಈ ಚಿತ್ರಕ್ಕೆ ಪ್ರಶಸ್ತಿ ದೊರೆಯಿತು.

ಶಾಯಿಯ ಚಿತ್ರಗಳ ಆ ಪುಸ್ತಕವನ್ನು ಸತ್ಯಜಿತರು ಪ್ಯಾರಿಸ್ಸಿನ ಚಲನಚಿತ್ರ ಸಂಗ್ರಹಾಲಯಕ್ಕೆ ಕೊಟ್ಟರು. 1992ರ ಏಪ್ರಿಲ್ 23ರಂದು ಅವರು ನಿಧನ ಹೊಂದಿದರು. ಅದಕ್ಕೆ ಮುಂಚಿನ ದಶಕಗಳಲ್ಲಿ ತೆಗೆದ ಚಿತ್ರಗಳಿಗೂ, ಕೆಂಪು ಬಟ್ಟೆಯ ಹೊದಿಕೆಯುಳ್ಳ ಲೆಕ್ಕದ ಪುಸ್ತಕಗಳಲ್ಲಿ ಅವರು ಹೀಗೆಯೇ ಮೊದಲು ದೃಶ್ಯಗಳನ್ನು ಬರೆದುಕೊಳ್ಳುತ್ತಿದ್ದರು.