ಸಿಡನ್‌ಹ್ಯಾಮ್‌ನ ವಿಜಯ ಮರ್ಚೆಂಟ್

ಕಟ್‌ಆಫ್ ಎಷ್ಟು, ಕ್ರಿಕೆಟ್ ಟೀಮು ಹೇಗೆ ಅಂತ ಕೇಳಿ ಕಾಲೇಜಿಗೆ ಬೆಲೆ ಕಟ್ಟುವ ಊರು ನಮ್ಮ ಮುಂಬಯಿ. ಕಾಮರ್ಸ್ ಓದುವ ನನಗೆ ಆಗೆಲ್ಲ ನೆನಪಾಗುವವರು ವಿಜಯ ಮರ್ಚೆಂಟ್. 1911ರಲ್ಲಿ ಇಲ್ಲೇ, ಗಿರಣಿ ಮಾಲೀಕರಾದ ಠಾಕರ್ಸೀ ಮನೆತನದಲ್ಲಿ ಹುಟ್ಟಿದವರು. ಶಾಲೆಯಲ್ಲಿ ತಂದೆಯ ಕಸುಬನ್ನೇ ಅಡ್ಡಹೆಸರೆಂದು ಬರೆದುಕೊಂಡರಂತೆ, ಅದೇ ಉಳಿಯಿತು!

1913ರಲ್ಲಿ ಶುರುವಾದ ಸಿಡನ್‌ಹ್ಯಾಮ್ ಕಾಮರ್ಸ್ ಕಾಲೇಜಿಗೆ ಅವರು ಸೇರಿದ್ದು 1929ರಲ್ಲಿ. ಅದರ ತಂಡಕ್ಕೆ ನಾಯಕರಾದರು. ಕಾಲೇಜು ಪಂದ್ಯಗಳ ಆಟ ನೋಡಿಯೇ ಹಿಂದೂ ತಂಡ ಅವರನ್ನು ಕರೆಯಿತು. 1933ರಲ್ಲಿ ಬಾಂಬೆ ಜಿಮ್‌ಖಾನಾದಲ್ಲಿ ಮೊದಲ ಟೆಸ್ಟ್. ಪ್ರಥಮ ದರ್ಜೆ ಪಂದ್ಯಗಳಲ್ಲಿ ಸರಾಸರಿ 71.64, ಅವರಿಗಿಂತ ಮೇಲೆ ಬ್ರಾಡ್ಮನ್ ಒಬ್ಬರೇ.

ಈ ರನ್ನುಗಳಿಂದ ಕಾಲೇಜಿನ ಅಕೌಂಟೆನ್ಸಿ ಪಾಠ ಸುಧಾರಿಸಿತೇ? ಅದನ್ನು ಮಾತ್ರ ಯಾರೂ ಕೇಳೋದಿಲ್ಲ. ಮರ್ಚೆಂಟ್ 1987ರಲ್ಲಿ ಮುಂಬಯಿಯಲ್ಲೇ ತೀರಿಕೊಂಡರು. ಸಿಡನ್‌ಹ್ಯಾಮ್ ಅಂದಾಗ ಅವರ ಹೆಸರು ಈಗಲೂ ಬರುತ್ತದೆ.