ಸ್ವಂತ ಹೆಸರಲ್ಲ, ಊರಿನ ಹೆಸರು

ಬಸರೀಕಟ್ಟೆಯಲ್ಲಿ ಅಡಿಕೆ ಹಾಳೆ ತಟ್ಟೆಯ ಘಟಕ ಶುರುಮಾಡಲು ಹೊರಟಿದ್ದೆ. ಸಾಲದ ಅರ್ಜಿಯಲ್ಲಿ ಉದ್ಯಮದ ಹೆಸರಿನ ಜಾಗ ಮಾತ್ರ ವಾರದಿಂದ ಖಾಲಿ. ಆಗ ನೆನಪಾದವರು ಅಮ್ಮೆಂಬಳ ಸುಬ್ಬರಾವ್ ಪೈ.

1852ರಲ್ಲಿ ಮೂಲ್ಕಿಯಲ್ಲಿ ಹುಟ್ಟಿದ ಅವರು ಮಂಗಳೂರಿನಲ್ಲಿ ವಕೀಲರಾಗಿದ್ದರು. 1891ರಲ್ಲಿ ಶಾಲೆ ತೆರೆದಾಗ ಅದಕ್ಕೆ ತಮ್ಮ ಹೆಸರಿಡಲಿಲ್ಲ, ನಾಡಿನ ಹೆಸರಿಟ್ಟರು: ಕೆನರಾ. 1906ರಲ್ಲಿ ಕಟ್ಟಿದ ಸಂಸ್ಥೆಗೂ ಅದೇ: ಕೆನರಾ ಹಿಂದೂ ಪರ್ಮನೆಂಟ್ ಫಂಡ್. 1909ರಲ್ಲಿ ಅವರು ತೀರಿಕೊಂಡರು. ಮರುವರ್ಷ ಆ ಉದ್ದದ ಹೆಸರು ಮೊಟಕಾಗಿ ಕೆನರಾ ಬ್ಯಾಂಕ್ ಆಯಿತು. ಉಳಿದದ್ದು ನಾಡಿನ ಹೆಸರೇ.

ಊರಿನ ಹೆಸರಿಟ್ಟರೆ ಒಂದು ಭಯವೂ ಇದೆ. ತಟ್ಟೆ ಸೋರಿದರೆ ಊರಿಗೇ ಕೆಟ್ಟ ಹೆಸರು. ಆ ಭಯ ನನಗಿರಲಿ ಎಂದೇ ಅರ್ಜಿಯಲ್ಲಿ ಬಸರೀಕಟ್ಟೆ ಎಂದು ಬರೆದೆ.