ರಹೀಂ ಸಾಹೇಬರು ಮತ್ತು ನಮ್ಮ ಎಡಗಾಲು

ಈ ವರ್ಷ ಜೂನ್‌ನಲ್ಲಿ ನಮ್ಮ ಕಾಲೇಜಿಗೆ ಹೊಸ ದೈಹಿಕ ಶಿಕ್ಷಣ ಉಪನ್ಯಾಸಕರು ಬಂದರು. ಬಂದ ಎರಡನೇ ವಾರವೇ ಫುಟ್‌ಬಾಲ್ ತಂಡದ ಹುಡುಗರನ್ನೆಲ್ಲ ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಕರೆಸಿದರು. ಒಂದು ತಾಸು ಬರೀ ಎಡಗಾಲಿನಲ್ಲಿ ಆಡಬೇಕು, ಬಲಗಾಲು ಚೆಂಡಿಗೆ ತಾಗಿದರೆ ಫೌಲ್ ಎಂದರು. ನಮಗೆ ನಗು ತಡೆಯಲಾಗಲಿಲ್ಲ. ಒದ್ದ ಚೆಂಡು ಎತ್ತಲೋ ಹೋಗುತ್ತಿತ್ತು, ಒದ್ದವನು ಇನ್ನೆತ್ತಲೋ ಬೀಳುತ್ತಿದ್ದ. ಕೋಟೆ ಗುಡ್ಡದ ಮೇಲೆ ಬಿಸಿಲು ಏರುವ ಹೊತ್ತಿಗೆ ನಗು ನಿಂತಿತ್ತು, ಕಾಲು ನೋಯುತ್ತಿತ್ತು, ಗೋಲ್ ಮಾತ್ರ ಒಂದೂ ಆಗಿರಲಿಲ್ಲ.

ಮೂರನೇ ವಾರ ಸರ್ ನನ್ನನ್ನು ಫಾರ್ವರ್ಡ್ ಜಾಗದಿಂದ ತೆಗೆದು ಹಿಂದೆ ಡಿಫೆನ್ಸ್‌ನಲ್ಲಿ ನಿಲ್ಲಿಸಿದರು. ಹೈಸ್ಕೂಲ್‌ನಿಂದ ನಾನು ಗೋಲ್ ಹೊಡೆಯುವವನು. ಹಿಂದೆ ನಿಲ್ಲುವುದೆಂದರೆ ಆಟ ಬಾರದವರ ಜಾಗ ಎಂದೇ ತಿಳಿದಿದ್ದೆ. ಹತ್ತು ದಿನ ಮೈದಾನಕ್ಕೆ ಹೋಗಲಿಲ್ಲ. ಮನೆಯಲ್ಲಿ ಅಬ್ಬಾಗೆ ಓದು ಜಾಸ್ತಿ ಇದೆ ಎಂದು ಸುಳ್ಳು ಹೇಳಿ ಲೈಬ್ರರಿಯಲ್ಲಿ ಕೂರುತ್ತಿದ್ದೆ. ಅಲ್ಲಿ ನನ್ನನ್ನು ಕಂಡ ಇತಿಹಾಸದ ಸರ್, ಸುಮ್ಮನೆ ಕೂರುವ ಬದಲು ಈ ಪತ್ರಿಕೆಗೆ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅವರ ಬಗ್ಗೆ ಬರೆದುಕೊಡು ಎಂದರು. ನನಗೆ ಗೊತ್ತಿದ್ದದ್ದು 2024ರ ಈದ್ ಹೊತ್ತಿಗೆ ಬಂದ ಮೈದಾನ್ ಸಿನಿಮಾ ಮಾತ್ರ. ಅದರಲ್ಲಿ ಅಜಯ್ ದೇವಗನ್ ರಹೀಂ ಸಾಹೇಬರ ಪಾತ್ರ ಮಾಡಿದ್ದಾರೆ. ಓದುತ್ತಾ ಹೋದಂತೆ ಸಿನಿಮಾಕ್ಕಿಂತ ನಿಜವಾದ ಮನುಷ್ಯರೇ ನನಗೆ ಹೆಚ್ಚು ಹಿಡಿಸಿದರು.

ಮೊದಲು ಒಂದು ಮಾತು. ರಹೀಂ ಸಾಹೇಬರು ನಮಗೆ ಹೊರಗಿನವರಲ್ಲ. 1956ರ ನವೆಂಬರ್ 1ರವರೆಗೆ ಯಾದಗಿರಿ, ಶಹಾಪುರ, ಸುರಪುರ ಎಲ್ಲವೂ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳಾಗಿ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ಕಾಲದಲ್ಲಿ ನಮ್ಮ ಕಡೆಯ ಹುಡುಗನೊಬ್ಬ ಚೆನ್ನಾಗಿ ಫುಟ್‌ಬಾಲ್ ಆಡುತ್ತಿದ್ದರೆ, ವಾಡಿ ಮೇಲೆ ಹಾದು ಹೋಗುವ ರೈಲು ಹತ್ತಿ ಹೈದರಾಬಾದಿಗೆ ಹೋಗಿ ಇವರ ಮುಂದೆಯೇ ನಿಲ್ಲಬೇಕಿತ್ತು.

ಅವರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಕಾಲೇಜು ಹುಡುಗರೇ ಸೇರಿ ಕಟ್ಟಿದ್ದ ಇಲೆವೆನ್ ಹಂಟರ್ಸ್ ಎಂಬ ತಂಡದಲ್ಲಿ ಆಡಿದರು, ಆಮೇಲೆ ಕಮರ್ ಕ್ಲಬ್‌ನಲ್ಲಿ. ಬಿ.ಎ. ಮುಗಿಸಿ ಶಾಲಾ ಮಾಸ್ತರ್ ಆದರು. ಕಾಚಿಗುಡದ ಮಿಡ್ಲ್ ಸ್ಕೂಲ್, ಚಾದರ್‌ಘಾಟ್ ಹೈಸ್ಕೂಲ್ ಇಂಥ ಶಾಲೆಗಳಲ್ಲಿ ಪಾಠ ಮಾಡಿದರು. ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದು ಶಾಲೆಯ ಆಟೋಟಗಳನ್ನೂ ನೋಡಿಕೊಂಡರು. ಅವರನ್ನು ದೊಡ್ಡ ಕೋಚ್ ಎಂದು ಎಲ್ಲರೂ ಬರೆಯುತ್ತಾರೆ, ಮಾಸ್ತರ್ ಎಂಬುದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗನಿಸುವುದು ಅದರ ತಿರುಗಾಮುರುಗಾ. ಅವರು ಕೊನೆಯವರೆಗೂ ಮಾಸ್ತರರೇ ಆಗಿದ್ದರು. ಹುಡುಗನಿಗೆ ಬರುವುದನ್ನು ಹೊಗಳುವುದಕ್ಕಿಂತ ಬಾರದ್ದನ್ನು ಹುಡುಕಿ ಕಲಿಸುವುದು ಅವರ ಅಭ್ಯಾಸ.

1943ರಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಅಸೋಸಿಯೇಷನ್ನಿನ ಕಾರ್ಯದರ್ಶಿಯಾದರು. ಸಾಯುವವರೆಗೂ ಆ ಹುದ್ದೆಯಲ್ಲಿದ್ದರು. ಅದೇ 1943ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ ಬೆಂಗಳೂರಿಗೆ ಹೋಗಿ ಆಶ್ ಗೋಲ್ಡ್ ಕಪ್ ಫೈನಲ್‌ನಲ್ಲಿ ಬ್ರಿಟಿಷರ ರಾಯಲ್ ಏರ್‌ಫೋರ್ಸ್ ತಂಡವನ್ನು ಸೋಲಿಸಿ ಬಂದಿತ್ತು. ಸೋತ ತಂಡದಲ್ಲಿ ಇಂಗ್ಲೆಂಡಿನ ಕ್ರಿಕೆಟ್ ಆಟಗಾರ ಡೆನಿಸ್ ಕಾಂಪ್ಟನ್ ಇದ್ದರು. ಅವರು ಅಲ್ಲಿ ಆರ್ಸೆನಲ್ ಪರ ಫುಟ್‌ಬಾಲ್ ಕೂಡ ಆಡಿದವರು. ಮುಂದೆ ರಹೀಂ ಸಾಹೇಬರ ಕೈಯಲ್ಲಿ ಈ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. ಡ್ಯುರಾಂಡ್ ಕಪ್ಪನ್ನೂ 1950ರಲ್ಲಿ, ಮತ್ತೆ 1954ರಲ್ಲಿ ತಂದಿತು.

ಹೈದರಾಬಾದಿನಲ್ಲಿ ಅವರು ನಡೆಸುತ್ತಿದ್ದ ಟೂರ್ನಮೆಂಟ್‌ಗಳ ಬಗ್ಗೆ ಓದಿದಾಗ ಲೈಬ್ರರಿಯಲ್ಲಿ ಒಬ್ಬನೇ ಕೂತು ನಕ್ಕೆ. ಒಂದು ಟೂರ್ನಮೆಂಟ್‌ನಲ್ಲಿ ಬಲವಿಲ್ಲದ ಕಾಲಿನಿಂದ ಮಾತ್ರ ಆಡಬೇಕು. ಬಲಗಾಲಿನವನಿಗೆ ಎಡಗಾಲು, ಎಡಗಾಲಿನವನಿಗೆ ಬಲಗಾಲು. ಇನ್ನೊಂದರಲ್ಲಿ ಚೆಂಡನ್ನು ಕಾಲಿನಲ್ಲೇ ಇಟ್ಟುಕೊಂಡು ಓಡುವ ಹಾಗಿಲ್ಲ, ಬಂದ ಕೂಡಲೇ ಇನ್ನೊಬ್ಬನಿಗೆ ಕೊಡಬೇಕು. ಮತ್ತೊಂದು ಗಿಡ್ಡ ಹುಡುಗರಿಗೆಂದೇ. ಎತ್ತರದವರ ನಡುವೆ ಗಿಡ್ಡವರು ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ! ನಮ್ಮ ಹೊಸ ಸರ್‌ಗೆ ಆ ಎಡಗಾಲಿನ ಹುಚ್ಚು ಎಲ್ಲಿಂದ ಬಂತು ಎಂದು ಆಗ ತಿಳಿಯಿತು.

ಬಲರಾಮ್ ಅವರ ಕಥೆಯನ್ನು ಇಲ್ಲಿ ಹೇಳಲೇಬೇಕು. ಸಿಕಂದರಾಬಾದ್ ಬಳಿಯ ಅಮ್ಮುಗುಡ ಎಂಬ ಊರಿನ ಬಡ ಮನೆಯ ಹುಡುಗ ತುಳಸಿದಾಸ್ ಬಲರಾಮ್. ಆಟ ನೋಡಿದ ರಹೀಂ ಸಾಹೇಬರು ಹೈದರಾಬಾದ್ ತಂಡದ ಆಯ್ಕೆಗೆ ಬರಲು ಹೇಳಿದರು. ಅಷ್ಟು ದೂರ ದಿನಾ ಬಂದು ಹೋಗಲು ಹುಡುಗನ ಬಳಿ ಕಾಸಿರಲಿಲ್ಲ. ಸಾಹೇಬರು ಒಂದು ಸೈಕಲ್ಲಿನ ವ್ಯವಸ್ಥೆ ಮಾಡಿದರು. ಅದನ್ನು ತುಳಿದುಕೊಂಡು ಬಂದ ಹುಡುಗ ಎರಡು ಒಲಿಂಪಿಕ್ಸ್‌ಗೆ ಹೋದರು. ಶಹಾಪುರ, ಸುರಪುರದ ಹಳ್ಳಿಗಳಿಂದ ಬಸ್ ಪಾಸ್ ಮೇಲೆ ಬರುವ ನಮ್ಮ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಆರರ ಪ್ರಾಕ್ಟೀಸ್‌ಗೆ ಅವರಲ್ಲಿ ಎಷ್ಟು ಜನ ಬರಲಾಗುತ್ತದೆ?

ಭಾರತ ತಂಡದ ಹೊಣೆ ಅವರ ಕೈಗೆ ಬಂದ ಮೇಲೆ ಮೊದಲ ದೊಡ್ಡ ಗೆಲುವು 1951ರ ಮಾರ್ಚ್‌ನಲ್ಲಿ, ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ. ಫೈನಲ್‌ನಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನ್ ಸೋತಿತು, ಭಾರತಕ್ಕೆ ಚಿನ್ನ ಬಂತು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ಅಲ್ಲಿನ ಚಳಿಯಲ್ಲಿ ನಮ್ಮವರು ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಯುಗೊಸ್ಲಾವಿಯ 10 ಗೋಲ್ ಹೊಡೆಯಿತು. ಭಾರತದ ಒಂದೇ ಒಂದು ಗೋಲ್ ಹೊಡೆದವರು ನಮ್ಮ ಬೆಂಗಳೂರಿನ ಅಹ್ಮದ್ ಖಾನ್. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು.

10–1ರಲ್ಲಿ ಸೋತ ಕೋಚ್ ಊರಿಗೆ ಬಂದು ಏನು ಮಾಡುತ್ತಾರೆ? ರಹೀಂ ಸಾಹೇಬರು ಓದಲು ಕೂತರು. 1953ರಲ್ಲಿ ಹಂಗೇರಿ ತಂಡ ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6–3ರಿಂದ ಸೋಲಿಸಿದಾಗ ಇಡೀ ಜಗತ್ತು ಬೆರಗಾಗಿತ್ತು. ಹಂಗೇರಿಯವರ ನಡುವಿನ ಫಾರ್ವರ್ಡ್ ಆಟಗಾರ ಗೋಲಿನ ಹತ್ತಿರ ನಿಲ್ಲದೆ ಹಿಂದಕ್ಕೆ ಸರಿದು ಚೆಂಡು ಹಂಚುತ್ತಿದ್ದ. ಅವನನ್ನು ಹಿಡಿಯಬೇಕಾದ ಡಿಫೆಂಡರ್ ಮುಂದೆ ಹೋಗಬೇಕೋ ತನ್ನ ಜಾಗದಲ್ಲೇ ನಿಲ್ಲಬೇಕೋ ತಿಳಿಯದೆ ಕೆಡುತ್ತಿದ್ದ. ಈ ಉಪಾಯವನ್ನು ರಹೀಂ ಸಾಹೇಬರು ನಮ್ಮ ಹುಡುಗರಿಗೆ ಕಲಿಸಿದರು.

ಫಲ ಸಿಕ್ಕಿದ್ದು 1956ರ ಡಿಸೆಂಬರ್‌ನಲ್ಲಿ, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ. ಹೈದರಾಬಾದ್ ರಾಜ್ಯ ಹಂಚಿಹೋಗಿ ನಾವು ಮೈಸೂರು ರಾಜ್ಯಕ್ಕೆ ಸೇರಿ ಆಗಷ್ಟೇ ಒಂದು ತಿಂಗಳಾಗಿತ್ತು. ಆ ತಂಡದಲ್ಲಿ ಅಜೀಜುದ್ದೀನ್, ನೂರ್ ಮೊಹಮ್ಮದ್, ಅಹ್ಮದ್ ಹುಸೇನ್, ಜುಲ್ಫಿಕರುದ್ದೀನ್, ಬಲರಾಮ್ ಹೀಗೆ ಹಲವರು ಹೈದರಾಬಾದಿನವರು. ಬೆಂಗಳೂರಿನ ಕೆಂಪಯ್ಯ ಕೂಡ ಇದ್ದರು. ಡಿಸೆಂಬರ್ 1ರಂದು ಆಸ್ಟ್ರೇಲಿಯವನ್ನು ಅವರದೇ ನೆಲದಲ್ಲಿ 4–2ರಿಂದ ಸೋಲಿಸಿದರು. ನೆವಿಲ್ ಡಿಸೋಜ ಮೂರು ಗೋಲ್ ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಏಷ್ಯದವರೊಬ್ಬರ ಮೊದಲ ಹ್ಯಾಟ್ರಿಕ್ ಅದು. ಸೆಮಿಫೈನಲ್‌ನಲ್ಲಿ ಮತ್ತೆ ಎದುರಾದದ್ದು ಯುಗೊಸ್ಲಾವಿಯ. ಮೊದಲ ಗೋಲ್ ಭಾರತದ್ದೇ. ಕೊನೆಗೆ 4–1ರಿಂದ ಸೋತರು, ಕಂಚಿನ ಪಂದ್ಯವನ್ನೂ ಬಲ್ಗೇರಿಯಕ್ಕೆ ಬಿಟ್ಟುಕೊಟ್ಟರು. ನಾಲ್ಕನೇ ಸ್ಥಾನ. ಭಾರತ ಫುಟ್‌ಬಾಲ್‌ನಲ್ಲಿ ಒಲಿಂಪಿಕ್ಸ್ ಸೆಮಿಫೈನಲ್ ಕಂಡದ್ದು ಅದೊಂದೇ ಸಲ.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಜೊತೆ 1–1ರಲ್ಲಿ ಸರಿಸಮ ಆಡಿದ್ದು ಬಿಟ್ಟರೆ ಉಳಿದೆರಡು ಪಂದ್ಯ ಸೋತರು. ನನಗೆ ಅಲ್ಲಿ ಮುಖ್ಯವೆನಿಸಿದ್ದು ಬೇರೆ. ಆ ತಂಡದ ಪಟ್ಟಿಯಲ್ಲಿ ಅವರ ಸ್ವಂತ ಮಗ ಸೈಯದ್ ಶಾಹಿದ್ ಹಕೀಂ ಇದ್ದರು. ಅಪ್ಪನೇ ಕೋಚ್. ಆದರೂ ಮಗನಿಗೆ ಒಂದು ಪಂದ್ಯದಲ್ಲೂ ಆಡುವ ಅವಕಾಶ ಸಿಗಲಿಲ್ಲ. ಇದನ್ನು ಓದಿದ ರಾತ್ರಿ ನನ್ನ ಹತ್ತು ದಿನದ ಸಿಟ್ಟು ನೆನಪಾಗಿ ನಾಚಿಕೆಯಾಯಿತು.

ಇನ್ನು 1962ರ ಜಕಾರ್ತಾ. ಏಷ್ಯನ್ ಕ್ರೀಡಾಕೂಟದ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯದ ಎದುರು 2–0 ಸೋಲು. ಥಾಯ್ಲೆಂಡ್ ವಿರುದ್ಧ ಗೆದ್ದರೂ ಡಿಫೆನ್ಸ್‌ನ ಗೋಡೆಯಂತಿದ್ದ ಜರ್ನೈಲ್ ಸಿಂಗ್ ತಲೆ ಒಡೆದುಕೊಂಡು ಹೊಲಿಗೆ ಹಾಕಿಸಿಕೊಳ್ಳಬೇಕಾಯಿತು. ಜಪಾನನ್ನು ಅವರಿಲ್ಲದೆ ಸೋಲಿಸಿದರು. ಸೆಮಿಫೈನಲ್‌ಗೆ ರಹೀಂ ಸಾಹೇಬರು ಮಾಡಿದ ಕೆಲಸ ನೋಡಿ: ತಲೆಗೆ ಪಟ್ಟಿ ಕಟ್ಟಿದ ಜರ್ನೈಲ್‌ರನ್ನು ಹಿಂದಿನ ಜಾಗಕ್ಕೆ ಕಳಿಸದೆ ಮುಂದೆ, ಫಾರ್ವರ್ಡ್ ಆಗಿ ನಿಲ್ಲಿಸಿದರು. ನನಗಾದದ್ದರ ಪೂರ್ತಿ ಉಲ್ಟಾ. ದಕ್ಷಿಣ ವಿಯೆಟ್ನಾಂ ಎದುರು 3–2ರಿಂದ ಗೆದ್ದರು.

ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಮತ್ತೆ ಅದೇ ಕೊರಿಯ. ಇಸ್ರೇಲ್ ಮತ್ತು ತೈವಾನ್ ಆಟಗಾರರನ್ನು ಕೂಟದಿಂದ ಹೊರಗಿಟ್ಟದ್ದನ್ನು ಭಾರತದ ಅಧಿಕಾರಿಯೊಬ್ಬರು ಟೀಕಿಸಿದ್ದರಿಂದ ಅಲ್ಲಿನ ಜನ ನಮ್ಮ ಮೇಲೆ ಕೆರಳಿದ್ದರು. ಸುಮಾರು ಒಂದು ಲಕ್ಷ ಜನ ತುಂಬಿದ್ದ ಸ್ಟೇಡಿಯಂ ಭಾರತದ ವಿರುದ್ಧ ಕೂಗುತ್ತಿತ್ತು. ನಮ್ಮವರ ಪರವಾಗಿ ಚಪ್ಪಾಳೆ ತಟ್ಟಿದವರು ಪಾಕಿಸ್ತಾನದ ಹಾಕಿ ಆಟಗಾರರು. ಮೊದಲ 20 ನಿಮಿಷದಲ್ಲೇ ಎರಡು ಗೋಲ್ ಬಂದವು. ಒಂದು ಪಿ.ಕೆ. ಬ್ಯಾನರ್ಜಿಯವರದು, ಇನ್ನೊಂದು ಆ ಪಟ್ಟಿ ಕಟ್ಟಿದ ಜರ್ನೈಲ್ ಅವರದು. ಕೊರಿಯ ಒಂದನ್ನು ಮಾತ್ರ ತೀರಿಸಿತು. ಭಾರತದ ಫುಟ್‌ಬಾಲ್‌ಗೆ ಏಷ್ಯನ್ ಕೂಟದ ಚಿನ್ನ ಅದಾದ ಮೇಲೆ ಮತ್ತೆ ಬಂದಿಲ್ಲ.

ಹೊತ್ತಿಗೆ ರಹೀಂ ಸಾಹೇಬರ ಶ್ವಾಸಕೋಶವನ್ನು ಕ್ಯಾನ್ಸರ್ ತಿನ್ನುತ್ತಿತ್ತು. ಅವರು ಬಹಳ ಸಿಗರೇಟು ಸೇದುತ್ತಿದ್ದರು. ಇದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ ಅನಿಸಿತು. ಜಕಾರ್ತಾದ ಗೆಲುವಿನ ಒಂಬತ್ತು ತಿಂಗಳಿಗೆ, 1963ರ ಜೂನ್ 11ರಂದು ತೀರಿಕೊಂಡರು. ವಯಸ್ಸು 53.

ನಮ್ಮ ತಂಡದ ವಿಷಯ ಬಾಕಿ ಇದೆ. ಹನ್ನೊಂದನೇ ದಿನ ನಾನು ಮೈದಾನಕ್ಕೆ ಹೋದೆ. ಸರ್ ಎಲ್ಲಿದ್ದೆ ಎಂದು ಕೇಳಲಿಲ್ಲ, ಹಿಂದಿನ ಜಾಗ ಕೈಮಾಡಿ ತೋರಿಸಿದರು. ತಾಲ್ಲೂಕು ಮಟ್ಟದಲ್ಲಿ ಎರಡು ಪಂದ್ಯ ಗೆದ್ದು ಜಿಲ್ಲಾ ಮಟ್ಟಕ್ಕೆ ಶಹಾಪುರಕ್ಕೆ ಹೋದೆವು. ಹಿಂದಿನ ರಾತ್ರಿ ಮಳೆಯಾಗಿ ಎರೆಮಣ್ಣು ಬೂಟಿಗೆ ಮೆತ್ತಿಕೊಳ್ಳುತ್ತಿತ್ತು. ಸೆಮಿಫೈನಲ್‌ನಲ್ಲಿ ಸುರಪುರ ಕಡೆಯ ತಂಡ. ಮೊದಲರ್ಧದಲ್ಲಿ ಗೋಲಿನೊಳಗೆ ಹೋಗುತ್ತಿದ್ದ ಒಂದು ಚೆಂಡನ್ನು ಗೆರೆಯ ಮೇಲಿಂದ ಒದ್ದು ಹೊರಗೆ ಹಾಕಿದೆ, ಎಡಗಾಲಿನಲ್ಲಿ. ಆಟ ಮುಗಿಯಲು ನಾಲ್ಕೈದು ನಿಮಿಷವಿದ್ದಾಗ ಸುಲಭವಾಗಿ ಬಲಗಾಲಿಗೆ ಬಂದ ಚೆಂಡನ್ನು ಗೆಳೆಯನಿಗೆ ಕೊಡುವ ಬದಲು ಹಳೇ ಚಟಕ್ಕೆ ಬಿದ್ದು ಒಬ್ಬನನ್ನು ತಪ್ಪಿಸಿ ಓಡಲು ಹೋದೆ. ಕಿತ್ತುಕೊಂಡರು. ಗೋಲ್. 1–0. ತಪ್ಪು ನನ್ನದೇ. ವಾಪಸು ಬರುವಾಗ ಬಸ್ಸಿನಲ್ಲಿ ಸರ್ ಎಲ್ಲರಿಗೂ ಬಾಳೆಹಣ್ಣು ಹಂಚಿ ನನ್ನ ಪಕ್ಕದಲ್ಲೇ ಕೂತರು. ಭೀಮಾ ಸೇತುವೆ ದಾಟುವವರೆಗೂ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಫಸ್ಟ್ ಪಿಯುಸಿಯ ಯಾವ ಹುಡುಗನನ್ನು ಮುಂದಿನ ವರ್ಷ ನನ್ನ ಜಾಗಕ್ಕೆ ತಯಾರು ಮಾಡಬಹುದು ಎಂದು ನನ್ನನ್ನೇ ಕೇಳಿದರು. ಒಂದು ಹೆಸರು ಹೇಳಿದೆ. ಅವನು ಈಗ ಬೆಳಿಗ್ಗೆ ಎಡಗಾಲಿನಲ್ಲಿ ಒದ್ದು ಬೀಳುತ್ತಿದ್ದಾನೆ.

ಲೇಖನ ಮುಗಿಸಿ ಇತಿಹಾಸದ ಸರ್‌ಗೆ ತೋರಿಸಿದಾಗ ಹಕೀಂ ಅವರು ಮುಂದೆ ಏನಾದರು ಎಂದು ಕೇಳಿದರು. ಮತ್ತೆ ಹುಡುಕಿದೆ. ಅಪ್ಪ ರೋಮ್‌ನಲ್ಲಿ ಆಡಿಸದ ಆ ಮಗ ಮುಂದೆ ವಾಯುಪಡೆಯ ಅಧಿಕಾರಿಯಾದರು, ಅಂತರರಾಷ್ಟ್ರೀಯ ರೆಫರಿಯಾದರು, ಕೋಚ್ ಕೂಡ ಆದರು. 2017ರಲ್ಲಿ ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಬಂತು. ತೀರಿಕೊಂಡದ್ದು 2021ರ ಆಗಸ್ಟ್ 22ರಂದು, ನಮ್ಮ ಕಲಬುರಗಿಯ ಆಸ್ಪತ್ರೆಯಲ್ಲಿ. ಆಗ ನಾನು ಒಂಬತ್ತನೇ ತರಗತಿ. ಯಾದಗಿರಿಯಿಂದ ಕಲಬುರಗಿಗೆ ರೈಲಿನಲ್ಲಿ ಎರಡು ತಾಸೂ ಬೇಕಾಗುವುದಿಲ್ಲ.